ಬಟ್ಟಲ ಮೇಲೆ ಅಂಗೈ

ನಮ್ಮ ಕುಲದಲ್ಲಿ ಚೊಚ್ಚಲ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವ ದಿನ ಇಬ್ಬರು ಬೀಗರೂ ಒಂದೇ ಕಂಚಿನ ಬಟ್ಟಲಿನಲ್ಲಿ ಸೇಂದಿ ಕುಡಿಯಬೇಕು. ಗಂಡಿನ ತಂದೆ ಮೊದಲು ಕುಡಿದು ಅರ್ಧ ಉಳಿಸಿ ಕೊಡುತ್ತಾನೆ, ಉಳಿದದ್ದನ್ನು ಹೆಣ್ಣಿನ ತಂದೆ ಮುಗಿಸುತ್ತಾನೆ. ಆಮೇಲೆ ಮಗು ಹೊಸ್ತಿಲು ದಾಟುತ್ತದೆ. ಮದುವೆಯಲ್ಲಿ ಕೂಡುವುದು ಗಂಡು ಹೆಣ್ಣು ಮಾತ್ರ, ಮನೆ ಮನೆ ಕೂಡುವುದು ಈ ಬಟ್ಟಲಿನಲ್ಲಿ ಎಂದು ಹಿರಿಯರು ಹೇಳುತ್ತಾರೆ. ಇದೇ ಬಟ್ಟಲಿಗೆ ಇನ್ನೊಂದು ಉಪಯೋಗವೂ ಉಂಟು. ಸಂಬಂಧ ಮುರಿಯುವಾಗ ಕುಲದ ಕಟ್ಟೆಯ ಮೇಲೆ ಸೇಂದಿ ತುಂಬಿದ ಬಟ್ಟಲನ್ನು ಇಡುತ್ತಾರೆ, ಬೇಡವೆನ್ನುವವನು ಅದರ ಮೇಲೆ ಅಂಗೈ ಮುಚ್ಚುತ್ತಾನೆ. ಬಾಯಿ ಬಿಡಬೇಕಾಗಿಲ್ಲ. ಮುಚ್ಚಿದರೆ ಮುಗಿಯಿತು.

ಅಕ್ಕನನ್ನೂ ಐದು ತಿಂಗಳ ಮಗುವನ್ನೂ ಕರೆದೊಯ್ಯಲು ಗೌನಿಪಲ್ಲಿ ಕಡೆಯಿಂದ ಬೀಗರು ಬಂದ ದಿನ, ನಮ್ಮ ಮನೆಯ ಜಗಲಿಯಲ್ಲಿ, ನಮ್ಮಪ್ಪ ಬಟ್ಟಲಿನ ಮೇಲೆ ಅಂಗೈ ಮುಚ್ಚಿದ.

ಬೇಕೆಂದು ಮಾಡಿದ್ದಲ್ಲ. ಅದನ್ನು ನಾನು ಇವತ್ತಿಗೂ ಯಾವ ವೇದಿಕೆಯ ಮೇಲೆ ಬೇಕಾದರೂ ವಾದಿಸುತ್ತೇನೆ. ಅಪ್ಪ ಕುಡಿತ ಬಿಟ್ಟವನಾಗಿದ್ದ. ಕುಡಿಯುತ್ತಿದ್ದಾಗಲೂ ಅವನು ಹೊಡೆಯುವವನಲ್ಲ, ಬೈಯುವವನಲ್ಲ. ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ, ರೇಷ್ಮೆ ಹುಳುಗಳಿಗೆ ಉಣಿಸುತ್ತ, ಹುಳುಗಳಷ್ಟೇ ಸದ್ದು ಮಾಡುತ್ತಿದ್ದ ಮನುಷ್ಯ, ಸಂಜೆ ಈಚಲು ತೋಪಿಗೆ ಹೋಗಿ ಬಂದಮೇಲೆ ಮಾತಾಡುತ್ತಿದ್ದ. ಪದ ಹಾಡುತ್ತಿದ್ದ. ದೇವರಾಯಸಮುದ್ರದ ಕೆರೆ ಕೋಡಿ ಬಿದ್ದ ವರ್ಷ ತಾನು ಹಿಡಿದ ಮೀನನ್ನು ಪ್ರತಿ ಸಲವೂ ಒಂದು ಗೇಣು ಉದ್ದ ಮಾಡುತ್ತಿದ್ದ. ಹಾಗಾಗಿ ನಿಲ್ಲಿಸು ಎನ್ನಲು ನಮಗೆ ಕಾರಣವೇ ಇರಲಿಲ್ಲ. ಕಾರಣ ಬಂದದ್ದು ಅಕ್ಕನ ಮದುವೆಯಾದ ಮೇಲೆ, ಅವನ ಕಣ್ಣು ಹಳದಿಯಾದಾಗ. ಕೋಲಾರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಲಿವರ್ ಊದಿದೆ. ಇನ್ನು ಕುಡಿದ್ರೆ ನನ್ನ ಹತ್ರ ಕರ್ಕೊಂಡು ಬರಬೇಡಿ, ನನ್ನ ಕೈಯಲ್ಲಿ ಏನೂ ಇರಲ್ಲ" ಎಂದರು. ಅವ್ವ ಆಸ್ಪತ್ರೆಯ ಬೇವಿನ ಮರದ ಕೆಳಗೇ ಅಪ್ಪನ ಬಲಗೈ ಹಿಡಿದು ತನ್ನ ತಾಳಿಯ ಮೇಲಿಟ್ಟುಕೊಂಡು ಆಣೆ ಮಾಡಿಸಿದಳು.

ಆವತ್ತಿನಿಂದ ಅಪ್ಪ ತೋಪಿನ ದಾರಿ ಬಿಟ್ಟ. ಮದುವೆ ಮನೆಯಲ್ಲಿ, ತಿಥಿ ಮನೆಯಲ್ಲಿ ಯಾರು ಲೋಟ ಚಾಚಿದರೂ ಅಂಗೈ ಅಡ್ಡ ಹಿಡಿಯುತ್ತಿದ್ದ. ಏನಕ್ಕೆ, ಯಾಕೆ ಎಂದು ಮಾತು ಬೆಳೆಸಿದರೆ ಸೋಲುತ್ತೇನೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಬಾಯಿಯ ಕೆಲಸವನ್ನು ಕೈಗೆ ವಹಿಸಿದ್ದ. ಕೊನೆಕೊನೆಗೆ ಯಾರಾದರೂ ಮಜ್ಜಿಗೆ ಕೊಟ್ಟರೂ ಕೈ ಮೊದಲು ಮುಂದೆ ಹೋಗುತ್ತಿತ್ತು, ಆಮೇಲೆ ಅವನೇ ನಕ್ಕು ತೆಗೆದುಕೊಳ್ಳುತ್ತಿದ್ದ. ಕಾಯಿಲೆಯ ವಿಷಯವನ್ನು ಅವ್ವ ಬೀಗರಿಗೆ ತಿಳಿಸಿರಲಿಲ್ಲ. ಮದುವೆಗೆ ನಾನೊಬ್ಬಳು ಉಳಿದಿದ್ದೆನಲ್ಲ, ಹಳದಿ ಕಣ್ಣಿನ ಮನೆ ಎಂದು ಹೆಸರು ಬಿದ್ದರೆ ಕಷ್ಟ ಎಂದು. "ಬಟ್ಟಲು ಕೊಟ್ಟಾಗ ತುಟಿಗೆ ಮುಟ್ಟಿಸಿ ಕೆಳಗಿಟ್ಬಿಡು, ಯಾರೂ ಇಣುಕಿ ನೋಡಲ್ಲ" ಎಂದು ಆವತ್ತು ಬೆಳಿಗ್ಗೆಯಿಂದ ಅಪ್ಪನಿಗೆ ಹೇಳಿಕೊಡುತ್ತಿದ್ದಳು. ಅಪ್ಪ ತಲೆಯಾಡಿಸುತ್ತಿದ್ದ. ಬೀಗರು ಕುಡಿದು, ಮೀಸೆ ಒರೆಸಿಕೊಂಡು, "ಇಗೋ ಬಾವ, ತಗೋ" ಎಂದು ಬಟ್ಟಲು ಮುಂದಿಟ್ಟರು. ಕೈ ಹೋಯಿತು.

ಮೊದಲು ಬೀಗರು ನಕ್ಕರು. "ಏಮಿ ಬಾವ, ಕೈ ತೆಗಿ." ಅಪ್ಪ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಆದರೆ ಅವರ ಜೊತೆ ಬಂದಿದ್ದ ಹಿರಿಯರೆಲ್ಲ ನೋಡಿಯಾಗಿತ್ತು. ಅವರಲ್ಲಿ ಒಬ್ಬ ಮುದುಕ ಟವಲು ಹೆಗಲಿಗೆ ಹಾಕಿಕೊಂಡು ಎದ್ದ. "ನಡೀರಪ್ಪ. ಹೇಳಬೇಕಾದ್ದು ಹೇಳಾಯ್ತು."

ಅವ್ವ ಒಳಗಿನಿಂದ ಓಡಿ ಬಂದಳು. "ಅಯ್ಯೋ, ಅವರಿಗೆ ಮೈ ಸರಿ ಇಲ್ಲ ಕಣಣ್ಣ!"

"ಮೈ ಸರಿ ಇಲ್ದೋರು ಬಾಯಲ್ಲಿ ಹೇಳ್ತಾರೆ ತಾಯಿ, ಕೈಯಲ್ಲಿ ಹೇಳಲ್ಲ."

ಬಂದವರು ಹಾಗೇ ಬಸ್ಸಿನ ರಸ್ತೆಗೆ ನಡೆದರು. ಒಳಗೆ ಅಕ್ಕ ಹೊಸ ಸೀರೆಯುಟ್ಟು, ಮುಡಿ ತುಂಬ ಹೂ ಮುಡಿದು, ಮಗುವಿಗೆ ಕಾಡಿಗೆ ಹಚ್ಚಿ, ಕರೆಯುವುದನ್ನೇ ಕಾಯುತ್ತ ಕೂತಿದ್ದಳು. ಸಂಜೆಯಾದರೂ ಹೂ ತೆಗೆಯಲಿಲ್ಲ.

ಆಗ ನಾನು ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುತ್ತಿದ್ದ ಕಾಲ. ಪಾನನಿಷೇಧ ಬೇಕೇ ಬೇಡವೇ ಎಂಬ ವಿಷಯಕ್ಕೆ ಆಗ ಬಹಳ ಚಲಾವಣೆಯಿತ್ತು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಕೋಲಾರದಲ್ಲಿ ಪರ ಬಂತು, ಹೆಂಡಗುಡುಕರ ಹೆಂಡಿರ ಕಣ್ಣೀರನ್ನು ಲೋಟಗಟ್ಟಲೆ ಸುರಿಸಿ ಗೆದ್ದೆ. ಮಾಲೂರಿನಲ್ಲಿ ವಿರೋಧ ಬಂತು. ಅಲ್ಲಿ ನಾನು ಕೇಳಿದ ಪ್ರಶ್ನೆ ಇದು: ಕುಡಿತದಿಂದ ಹಾನಿಯೊಂದೇ ಇದ್ದಿದ್ದರೆ ಮನುಷ್ಯಕುಲ ಇಷ್ಟು ಕಾಲ ಅದನ್ನು ಯಾಕೆ ಹೊತ್ತುಕೊಂಡು ಬಂತು? ಬಾಲವನ್ನು ಬಿಟ್ಟೆವು, ಮೈಯ ರೋಮವನ್ನು ಬಿಟ್ಟೆವು, ಇದೊಂದನ್ನು ಯಾಕೆ ಬಿಡಲಿಲ್ಲ? ಇಟ್ಟಿಗೆ ಗೂಡಿನಲ್ಲಿ ದಿನವಿಡೀ ಬೆಂದವರು ಸಂಜೆ ಪರಸ್ಪರ ಮುಖ ನೋಡಿ ನಗಲು ಬೇರೆ ಏನು ಉಳಿದಿದೆ? ಚಪ್ಪಾಳೆ ಬಿತ್ತು. ಸ್ಟೀಲಿನ ಲೋಟವೊಂದನ್ನು ಬಹುಮಾನ ಕೊಟ್ಟರು.

ಈಗ ಅದೇ ವಿಷಯ ಮನೆಯೊಳಗೆ ಬಂದು ಕೂತಿತ್ತು. ಇಲ್ಲಿ ಚೀಟಿ ಎತ್ತುವವರು ಯಾರು?

ನಮ್ಮೂರ ಕುಲದ ಯಜಮಾನರು ಪರಿಹಾರ ಹೇಳಿದರು. ಮುಚ್ಚಿದ ಕೈಯನ್ನು ಬಿಚ್ಚಲು ಒಂದೇ ದಾರಿ: ನೋಡಿದ ಜನರೇ ಮತ್ತೆ ಕೂಡಬೇಕು, ಬೀಗರು ಮತ್ತೆ ಬಟ್ಟಲು ಕೊಡಬೇಕು, ಈ ಸಲ ಅರ್ಧವಲ್ಲ, ತುಂಬಿದ ಬಟ್ಟಲನ್ನೇ ಅಪ್ಪ ಮುಗಿಸಬೇಕು. ಹೆಂಗಸರು ಕಟ್ಟೆ ಹತ್ತುವಂತಿಲ್ಲ. ನಾನು ಹೊಂಗೆ ಮರದ ಕೆಳಗೆ ನೆಲದ ಮೇಲೆ ನಿಂತೇ ಆಕ್ಷೇಪಿಸಿದೆ.

"ತಾತ, ಎಳನೀರು ಕುಡಿದ್ರೆ ಆಗಲ್ವಾ? ಬಟ್ಟಲು ಅದೇ, ಜನ ಅವರೇ."

"ಎಳನೀರು ಕುಡಿದು ಯಾವನಾದ್ರೂ ಮನಸಲ್ಲಿರೋದು ಹೇಳವ್ನಾ ಅವ್ವ? ಕೈ ಮುಗಿಯೋದು ಸುಳ್ಳೇ ಮುಗೀಬೌದು, ನಗೋದು ಸುಳ್ಳೇ ನಗಬೌದು. ಸುಳ್ಳೇ ಮತ್ತನಾಗಕ್ಕಾಯ್ತದಾ? ಕುಡಿದೋನು ನಿನ್ನ ಮುಂದೆ ಕತ್ತಿ ಕೆಳಗಿಟ್ಟಂಗೆ. ಅದಕ್ಕೇ ಕುಡಿಸೋದು."

"ಹಂಗಾದ್ರೆ ಕುಡಿದು ಹೇಳಿದ್ದೆಲ್ಲ ನಿಜಾನಾ? ಯುಗಾದಿ ದಿನ ನಿಮ್ಮ ತಮ್ಮ ಇದೇ ಕಟ್ಟೆ ಮೇಲೆ ನಿಮ್ಮನ್ನ ಏನಂದ್ರು ಅಂತ ಹೇಳ್ಲಾ?"

ಕಟ್ಟೆಯ ಮೇಲಿದ್ದವರು ಕೆಮ್ಮಿದರು. ಯಜಮಾನರು ಬೀಡಿ ಬಾಯಿಂದ ತೆಗೆದು, "ಅದೂ ನಿಜಾನೇ ಕಣವ್ವ. ಅದಕ್ಕೇ ಅವನ ಜೊತೆ ಮಾತು ಬಿಟ್ಟಿರೋದು" ಎಂದರು. ಎಲ್ಲರೂ ಹೋ ಎಂದು ನಕ್ಕರು, ನನಗೂ ನಗು ಬಂತು. ಚರ್ಚೆಯಲ್ಲಿ ಎದುರಾಳಿಯ ಮಾತಿಗೆ ನಗಬಾರದು. ನಕ್ಕರೆ ಒಂದು ಅಂಕ ಹೋದಂತೆ.

ಡಾಕ್ಟರ ಮಾತು ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು. "ಪಾಪ" ಎಂದರು. ಆಮೇಲೆ, "ಹಂಗಾದ್ರೆ ಮಗಳನ್ನ ಮನೇಲೇ ಇಟ್ಕೊಳ್ಳಿ. ಯಾರೂ ಬಲವಂತ ಮಾಡಲ್ಲ" ಎಂದರು. ಬಲವಂತ ಮಾಡಿದ್ದರೆ ವಾದಿಸಬಹುದಿತ್ತು.

ಅಕ್ಕನ ಗಂಡ, ನಮ್ಮ ಭಾವ, ಒಂದು ದಿನ ಯಾರಿಗೂ ಹೇಳದೆ ಬಂದರು. ಮೆದು ಸ್ವಭಾವದ ಮನುಷ್ಯ. ಊರೊಳಗೆ ಬರದೆ ಬಸ್ಸು ನಿಲ್ಲುವಲ್ಲೇ ನಿಂತಿದ್ದರು. ಅಕ್ಕ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು, ಜೊತೆಗೆ ನಾನು. ಅವರು ಮಗುವಿನ ಕಾಲು ಹಿಡಿದುಕೊಂಡು ನಿಂತರು. ನಾನು ಸುಮ್ಮನಿರಲಾರದೆ ಕೇಳಿದೆ, "ಈಗಲೇ ಬಸ್ಸು ಬರ್ತದೆ ಭಾವ. ಮೂವರೂ ಹತ್ಕೊಂಡು ಹೋಗಿ. ಯಾರು ತಡೀತಾರೆ?"

"ನಾನು ಹಂಗೆ ಕರ್ಕೊಂಡು ಹೋದ್ರೆ ಇವಳು ಓಡಿ ಬಂದೋಳು ಅನ್ನಿಸ್ಕೋತಾಳೆ. ನೀರು ಸೇದೋ ಜಾಗದಲ್ಲಿ ಇವಳ ಕೊಡ ಯಾರೂ ಎತ್ತಿ ಕೊಡಲ್ಲ. ನಾನು ದಿನಾ ತೋಟಕ್ಕೆ ಹೋಗಿಬಿಡ್ತೀನಿ. ಹಟ್ಟಿಯಲ್ಲಿ ಇರಬೇಕಾದೋಳು ಇವಳು."

ಅಕ್ಕ ನನ್ನ ಕಡೆ ನೋಡಿ, "ನೀನು ಬಾಯಿ ಮುಚ್ಚೇ" ಎಂದಳು. ಕೋಪವಿರಲಿಲ್ಲ ಅದರಲ್ಲಿ. ಬಸ್ಸು ಬಂತು, ಭಾವ ಒಬ್ಬರೇ ಹತ್ತಿದರು.

ಅಕ್ಕ ಸೊರಗುತ್ತ ಹೋದಳು. ಅಪ್ಪ ಅವಳೆದುರು ಬರುವುದನ್ನೇ ಬಿಟ್ಟ. ಹುಳು ಮನೆಯಲ್ಲೇ ಇರುತ್ತಿದ್ದ, ಊಟಕ್ಕೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದ. ಒಮ್ಮೆ ನಾನು ಸೊಪ್ಪು ಹೆಚ್ಚುತ್ತಿದ್ದಾಗ, ಹುಳುವಿನ ತಟ್ಟೆಗಳ ಕಡೆ ಮುಖ ಮಾಡಿಕೊಂಡೇ, "ಒಂದು ಬಟ್ಟಲು ಕುಡಿದ್ರೆ ಸತ್ತೇ ಹೋಗ್ತೀನಾ?" ಎಂದು ಕೇಳಿದ. "ಒಂದಕ್ಕೇ ನಿಲ್ತದಾ ಅಪ್ಪ?" ಎಂದೆ. ಅವನು ಮುಂದಿನ ತಟ್ಟೆಗೆ ಸೊಪ್ಪು ಉದುರಿಸತೊಡಗಿದ.

ನಮ್ಮ ರೇಷ್ಮೆ ಗೂಡು ಕೊಳ್ಳುತ್ತಿದ್ದ ಮುಳಬಾಗಿಲಿನ ಭಾಯ್ ಅಪ್ಪನಿಗೆ ಹಳೆಯ ಸ್ನೇಹಿತರು. ನೂಲು ಬಿಚ್ಚುವ ಒಲೆಗಳನ್ನು ಇಟ್ಟುಕೊಂಡಿದ್ದರು. ಅವರು ಬಂದಾಗ ನನಗೆ ಹೊಸ ವಾದ ಹೊಳೆಯಿತು. ಅವರನ್ನು ಯಜಮಾನರ ಬಳಿ ಕರೆದುಕೊಂಡು ಹೋಗಿ ನಿಲ್ಲಿಸಿದೆ. "ಇವರ ಪೈಕಿ ಯಾರೂ ಕುಡಿಯಲ್ಲ. ಶರಬತ್ತು ಕುಡಿದು ನಿಕಾ ಮಾಡ್ತಾರೆ. ಇವರ ನಂಟು ನಿಲ್ಲಲ್ವಾ ತಾತ?"

ಯಜಮಾನರು ಬಾಯಿ ತೆರೆಯುವ ಮೊದಲೇ ಭಾಯ್ ನನ್ನ ಸಾಕ್ಷಿಯನ್ನು ಕೆಡಿಸಿದರು. "ನಮ್ದು ಬೇರೆ ಬೇಟಿ. ನಾವು ರಂಜಾನಲ್ಲಿ ತಿಂಗಳು ಪೂರ್ತಿ ಒಟ್ಟಿಗೆ ಹಸ್ಕೊಂಡಿರ್ತೀವಿ, ಒಂದೇ ಹೊತ್ತಿಗೆ ಒಂದೇ ತಟ್ಟೆಗೆ ಕೈ ಹಾಕ್ತೀವಿ. ಜೊತೇಲಿ ಹಸ್ಕೊಂಡೋನು ಗೈರ್ ಆಗೋದಿಲ್ಲ, ಹೊರಗಿನೋನು ಆಗೋದಿಲ್ಲ. ಏನೋ ಒಂದು ಬೇಕಲ್ಲ ಜನಕ್ಕೆ. ನಿಮ್ಗೆ ಇದು, ನಮ್ಗೆ ಅದು."

"ಯಾರ ಕಡೆ ಮಾತಾಡ್ತಿದ್ದೀರ ಭಾಯ್?"

"ಮಗು ಕಡೆ" ಎಂದರು ಅವರು. "ನಡಿ, ಗೌನಿಪಲ್ಲಿಗೆ ಹೋಗಿ ಬೀಗರನ್ನೇ ಕೇಳೋಣ. ಇಲ್ಲಿ ಕೂತು ಬಾಯಿ ನೋಯಿಸ್ಕೊಂಡು ಏನು ಫಾಯ್ದಾ?"

ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ ಹೋದೆವು. ಬೀಗರು ತೋಟದಲ್ಲಿದ್ದರು. ನನ್ನನ್ನು ನೋಡಿದ ಕೂಡಲೇ, "ರಾ ರಾ ಅಮ್ಮ! ಸಾಬ್ರ ಜೊತೆ ಬಂದ್ಯಾ? ಮಗೂಗೆ ಹಲ್ಲು ಬಂತಾ?" ಎಂದು ಕೂಗಿದರು. ಜಗಳದ ಸುಳಿವೇ ಇಲ್ಲ. ಮಾವಿನ ಕುಯ್ಲು ಮುಗಿಯುತ್ತ ಬಂದಿತ್ತು. ಮರದಡಿಯಲ್ಲಿ ಬಿದ್ದು ಒಡೆದ ಹಣ್ಣುಗಳು ಬಿಸಿಲಿಗೆ ಹುಳಿಯುತ್ತಿದ್ದವು. ಆ ವಾಸನೆ, ಸಿಹಿಯೊಳಗೆ ಸ್ವಲ್ಪ ಸುಡುವಂಥ ವಾಸನೆ, ತೋಟದ ಬೇಲಿಯಾಚೆಗೂ ಬರುತ್ತಿತ್ತು. ಕಣಜಗಳು ಒಂದು ಹಣ್ಣಿನ ಮೇಲೆ ಕೂತು ಏಳಲಾರದೆ ಉರುಳುತ್ತಿದ್ದವು. ಅವರ ಹಸುವೊಂದು ಎಷ್ಟು ಹೊಡೆದರೂ ಆ ಮರ ಬಿಟ್ಟು ಕದಲುತ್ತಿರಲಿಲ್ಲ.

"ಇದಕ್ಕೆ ಕುಡಿಯೋದು ಯಾರು ಕಲಿಸಿದ್ರು?" ಎಂದು ಬೀಗರು ಹಸುವಿನ ಬೆನ್ನು ತಟ್ಟುತ್ತ ಕೇಳಿದರು. "ಹಣ್ಣಿರೋ ಜಾಗ ಮೂಗಿಗೆ ಮೊದ್ಲು ಗೊತ್ತಾಗ್ತದೆ ಅಮ್ಮ. ಕಣ್ಣು ಆಮೇಲೆ."

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಒಮ್ಮೆ ಹರಟೆಯಲ್ಲಿ ಇಂಥದೇ ಊಹೆಯನ್ನು ಹೇಳಿದ್ದರು. ಕಾಡಿನಲ್ಲಿ ಹಣ್ಣು ಹುಡುಕುತ್ತಿದ್ದ ನಮ್ಮ ಪೂರ್ವಜರಲ್ಲಿ ಆ ವಾಸನೆ ಯಾರಿಗೆ ಹಿಡಿಸಿತೋ ಅವರು ಮೊದಲು ಹಣ್ಣಿನ ಬಳಿ ತಲುಪಿದರು, ಹೊಟ್ಟೆ ತುಂಬಿಸಿಕೊಂಡರು, ಮಕ್ಕಳನ್ನು ಬಿಟ್ಟುಹೋದರು. ಮೂಗು ಮುರಿದವರು ಹಸಿದರು. ಊಹೆ ತಾನೇ, ಪುರಾವೆ ಎಲ್ಲಿ ಎಂದು ಆಗ ನಾನು ಜೋರು ಮಾಡಿದ್ದೆ. ಆ ತೋಟದಲ್ಲಿ ನಿಂತಾಗ ನನ್ನ ಮೂಗೂ ಆ ಮರದ ಕಡೆಗೇ ತಿರುಗಿತ್ತು. ಮೇಷ್ಟ್ರ ಊಹೆ ನಿಜವಾದರೆ ಅಪ್ಪನ ದಾಹ ಅಪ್ಪನದಲ್ಲ. ಅವ್ವನ ತಾಳಿಗಿಂತ, ಕುಲದ ಕಟ್ಟೆಗಿಂತ, ಕಂಚಿಗಿಂತ ಎಷ್ಟೋ ಹಿಂದಿನದು. ಡಾಕ್ಟರ ಮಾತು ನಿನ್ನೆ ಮೊನ್ನೆಯದು. ಇದಕ್ಕೆ ಎದುರಾಗಿ ನಾನು ಯಾರನ್ನು ಉದ್ದೇಶಿಸಿ ಮಾತಾಡಬೇಕು? ಸನ್ಮಾನ್ಯ ಅಧ್ಯಕ್ಷರೇ ಎಂದು ಹಸುವಿಗೆ ಹೇಳಲೇ?

ಆದರೂ ಮಾತಾಡಿದೆ. ಊಟಕ್ಕೆ ಕೂತಾಗ ಅಪ್ಪನ ಕಾಯಿಲೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಕೈ ಅಡ್ಡ ಹಿಡಿಯುವ ರೂಢಿಯನ್ನು ಹೇಳಿದೆ. ಭಾಯ್ ಹೌದೆಂದು ಸಾಕ್ಷಿ ನುಡಿದರು. ಬೀಗರು ಉಣ್ಣುವುದನ್ನು ನಿಲ್ಲಿಸಿ ಕೇಳಿದರು.

"ನಾನು ನಂಬ್ತೀನಿ ಅಮ್ಮ" ಎಂದರು ಕೊನೆಗೆ. "ನಿಮ್ಮಪ್ಪ ಅಂಥೋನಲ್ಲ ಅಂತ ಆವತ್ತೇ ಗೊತ್ತಿತ್ತು. ಆದ್ರೆ ನಾನು ನಂಬಿದ್ರೆ ಆಯ್ತಾ? ನೋಡಿದೋರು ಹತ್ತು ಮಂದಿ. ನಾಳೆ ನನ್ನ ಚಿಕ್ಕ ಮಗನ ಮದುವೆಗೆ ಒಬ್ರೂ ಬರಲ್ಲ. ಕೈ ಮುಚ್ಚಿಸ್ಕೊಂಡು ಸೊಸೇನ ಕರ್ಕೊಂಡು ಬಂದೋನು ಅಂತಾರೆ."

"ತುಂಬಿದ ಬಟ್ಟಲು ಬೇಡ. ತುಟಿಗೆ ಮುಟ್ಟಿಸಿದ್ರೆ ಆಗಲ್ವಾ? ಕುಡಿತ ಅನ್ನೋದು ಹೊಟ್ಟೇಲಿದ್ಯಾ, ಜನ ನೋಡೋದ್ರಲ್ಲಿ ಇದ್ಯಾ? ನೋಡೋದ್ರಲ್ಲಿ ಇದ್ರೆ ತುಟಿ ಸಾಕು. ಹೊಟ್ಟೇಲಿದ್ರೆ, ಮುಚ್ಚಿದ ಕೈನೂ ಬರೀ ಕೈ, ಅಪ್ಪನ ಹೊಟ್ಟೇಲಿ ಬೇಡ ಅನ್ನೋದು ಇರಲೇ ಇಲ್ಲ."

ಬೀಗರು ಭಾಯ್ ಕಡೆ ತಿರುಗಿ, "ಏಂ ಪಿಲ್ಲ ಸಾಬ್ರೇ ಇದು, ಎಂಥ ಹುಡುಗಿ! ಲಾಯರಿಗೆ ಕೊಡ್ಬೇಕು ಇದನ್ನ" ಎಂದು ನಕ್ಕರು. ಸಂಜೆಯ ಹೊತ್ತಿಗೆ ತಮ್ಮ ಹಿರಿಯರನ್ನು ಕರೆಸಿ ಕೂರಿಸಿದರು. ಆವತ್ತು ಟವಲು ಹಾಕಿಕೊಂಡು ಎದ್ದಿದ್ದ ಮುದುಕನೂ ಬಂದಿದ್ದ. ಅವನು ಟವಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, "ತುಟಿಗೆ ಮುಟ್ಟಲಿ. ನಂಟು ಉಳಿಯೋದಾದ್ರೆ ನಾವು ಹೊಟ್ಟೆ ಬಗೆದು ನೋಡೋಕೆ ಹೋಗಲ್ಲ" ಎಂದ.

ಗೆದ್ದಿದ್ದೆ. ಬಸ್ಸಿನಲ್ಲಿ ಭಾಯ್, "ಶಾಬಾಶ್ ಬೇಟಿ" ಎಂದು ಕಡಲೆಕಾಯಿ ಕೊಡಿಸಿದರು. ಅವ್ವ ಸುದ್ದಿ ಕೇಳಿ ದೇವರ ಮುಂದೆ ದೀಪ ಹಚ್ಚಿದಳು. ಅಕ್ಕ ಮಗುವಿನ ಬಟ್ಟೆಗಳನ್ನು ಒಗೆದು ಹರವಿದಳು.

ಮತ್ತೆ ಅದೇ ಜಗಲಿ, ಅದೇ ಜನ, ಬೆಳಗಿನ ಹೊತ್ತು. ತೋಪಿನಿಂದ ಆಗಷ್ಟೇ ಇಳಿಸಿದ ಸೇಂದಿ ಮಡಕೆಯಲ್ಲಿ ನೊರೆಯಾಡುತ್ತಿತ್ತು. ಅಪ್ಪ ಬಿಳಿ ಪಂಚೆಯುಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಕೈಯನ್ನು ನಂಬಲಾರದವನಂತೆ. ಬೀಗರು ಬಟ್ಟಲು ತುಂಬಿ, ಈ ಸಲ ತಾವೇ ಪೂರ್ತಿ ಕುಡಿದರು, ಮತ್ತೆ ತುಂಬಿ ಮುಂದೆ ಹಿಡಿದರು. "ತುಟಿಗೆ ಮುಟ್ಟಿಸು ಬಾವ, ಸಾಕು. ಎಲ್ರೂ ಒಪ್ಪವ್ರೆ."

ಅಪ್ಪ ಎರಡೂ ಕೈಯಿಂದ ಬಟ್ಟಲು ತೆಗೆದುಕೊಂಡ. ತುಟಿಗೆ ತಂದ. ಬಾಗಿಲ ಸಂದಿಯಲ್ಲಿ ಅವ್ವ ನನ್ನ ರೆಟ್ಟೆ ಹಿಡಿದುಕೊಂಡಿದ್ದಳು. ಅಪ್ಪನ ಮೂಗಿನ ಹೊಳ್ಳೆ ಅರಳಿತು. ಆಮೇಲೆ ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು, ಇನ್ನೊಮ್ಮೆ ಆಡಿತು. ಅವ್ವನ ಉಗುರು ನನ್ನ ರೆಟ್ಟೆಗೆ ಇಳಿಯಿತು. ಅಪ್ಪ ಬಟ್ಟಲನ್ನು ಮೇಲಕ್ಕೆತ್ತಿ, ತಳ ಕಾಣುವವರೆಗೆ, ಅವಸರವಿಲ್ಲದೆ ಕುಡಿದು ಮುಗಿಸಿದ.

ಯಾರೂ ಬಲವಂತ ಮಾಡಿರಲಿಲ್ಲ. ಒಂದು ಕ್ಷಣ ಬೀಗರೇ ಗಾಬರಿಯಾದರು. ಆಮೇಲೆ ಅವರ ಕಣ್ಣು ತುಂಬಿತು. "ನನ್ನ ಬಾವ!" ಎಂದು ಅಪ್ಪನನ್ನು ತಬ್ಬಿಕೊಂಡರು. ಅಪ್ಪ ನಕ್ಕ. ಕುಡಿತ ಬಿಟ್ಟಮೇಲೆ ಕೇಳದಿದ್ದ ತುಂಬು ನಗು ಅದು, ಅದನ್ನು ಕೇಳಿ ನನಗೆ ಸಂತೋಷವೂ ಆಯಿತು ಎಂಬುದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ. ಮುದುಕ ಹಿರಿಯ ಟವಲಿನಿಂದ ಕಣ್ಣೊರೆಸಿಕೊಂಡ. ಯಾರೋ ಪದ ಎತ್ತಿದರು. ಮಧ್ಯಾಹ್ನ ಅಕ್ಕ ಮಗುವಿನೊಂದಿಗೆ ಹೊಸ್ತಿಲು ದಾಟಿದಳು. ಅಪ್ಪ ಮೊಮ್ಮಗನನ್ನು ಎತ್ತಿಕೊಂಡು ಬಸ್ಸಿನ ರಸ್ತೆಯವರೆಗೂ ಮೀನಿನ ಕಥೆ ಹೇಳುತ್ತ ನಡೆದ.

ಆ ನಂಟು ನಿಂತಿತು. ಅಕ್ಕನನ್ನು ಆ ಹಟ್ಟಿಯಲ್ಲಿ ಯಾರೂ ಒಂದು ಮಾತು ಅಂದಿಲ್ಲ. ನೀರು ಸೇದುವಲ್ಲಿ ಅವಳ ಕೊಡವನ್ನು ಇಬ್ಬಿಬ್ಬರು ಎತ್ತಿ ಕೊಡುತ್ತಾರಂತೆ. "ಪೂರ್ತಿ ಬಟ್ಟಲು ಕುಡಿದೋರ ಮಗಳು" ಎಂದು ಅವಳಿಗೆ ಹೆಸರಾಗಿದೆ. ತುಟಿಗೆ ಮಾತ್ರ ಮುಟ್ಟಿಸಿದ್ದರೆ ಇಷ್ಟು ಗಟ್ಟಿಯಾಗಿ ನಿಲ್ಲುತ್ತಿತ್ತೇ? ನಿಲ್ಲುತ್ತಿತ್ತು ಎಂದು ಸಾಧಿಸಲು ನನ್ನ ಬಳಿ ಏನೂ ಇಲ್ಲ.

ಅಪ್ಪ ಮಾತ್ರ ನಿಲ್ಲಲಿಲ್ಲ. ಮೊದಮೊದಲು ಬೀಗರು ಬಂದಾಗಷ್ಟೇ ಕುಡಿಯುತ್ತಿದ್ದ. ಬೀಗರು ಸಂತೆಯ ದಿನ ಬರತೊಡಗಿದರು. ಬೇರೆ ಯಾರಾದರೂ ಅಪ್ಪನನ್ನು ಕರೆಯಲು ಬಂದಿದ್ದರೆ ಅವ್ವ ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಬೀಗರಿಗೆ ಏನು ಮಾಡುತ್ತಾಳೆ? ಕಾಲಿಗೆ ನೀರು ಕೊಡಬೇಕು, ಕೋಳಿ ಕೊಯ್ಯಬೇಕು, ಮುದ್ದೆ ತಿರುವಬೇಕು. ಮಗಳು ಆ ಮನೆಯಲ್ಲಿದ್ದಾಳೆ. ಅವ್ವ ಒಲೆಯ ಮುಂದೆ ಕೂತು ಸಾರಿಗೆ ಖಾರ ಅರೆಯುತ್ತ ಅಳುತ್ತಿದ್ದಳು, ಕೇಳಿದರೆ ಖಾರ ಎನ್ನುತ್ತಿದ್ದಳು. ಹೆಂಡದ ವಾಸನೆಗೆ ಹುಳು ಕೆಡುತ್ತದೆಂದು ನಮ್ಮಲ್ಲಿ ಕುಡಿದವರನ್ನು ಹುಳು ಮನೆಗೆ ಬಿಡುವುದಿಲ್ಲ. ಅಪ್ಪ ತಾನಾಗಿಯೇ ಬಾಗಿಲ ಹೊರಗೆ ನಿಂತು, "ಮೂರನೇ ತಟ್ಟೆಗೆ ಸೊಪ್ಪು ಸಾಲದು ನೋಡೇ" ಎಂದು ಕೂಗಿ ಹೇಳುತ್ತಿದ್ದ. ಕ್ರಮೇಣ ಹೊರಗೆ ನಿಲ್ಲುವ ದಿನಗಳೇ ಹೆಚ್ಚಾದವು. ಸೊಪ್ಪು ಹಾಕುವುದು ಅವ್ವನ ಕೆಲಸವಾಯಿತು, ರಜೆಯಲ್ಲಿ ನನ್ನದು.

ಒಂದು ಮುಂಜಾನೆ, ಅವನು ಸರಿಯಾಗಿದ್ದ ಹೊತ್ತು ನೋಡಿ ಕೇಳಿದೆ. "ಅಪ್ಪ, ತುಟಿಗೆ ಮುಟ್ಟಿಸಿದ್ರೆ ಸಾಕಿತ್ತಲ್ಲ. ಅಷ್ಟು ಮಾತಾಡಿ ಒಪ್ಪಿಸಿ ಬಂದಿದ್ನಲ್ಲ."

"ಗೊತ್ತಿತ್ತು ಕಣವ್ವ."

"ಮತ್ಯಾಕೆ?"

ಅಪ್ಪ ಬಹಳ ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. "ಅವ್ನು ನನ್ನ ಮುಂದೆ ಪೂರ್ತಿ ಕುಡಿದ. ನಾನು ತುಟಿ ಒದ್ದೆ ಮಾಡ್ಕೊಂಡು ಅವನ ಮುಖ ಹೆಂಗೆ ನೋಡ್ಲಿ?" ಎಂದ. ಆಮೇಲೆ, "ಅದೂ ಅಲ್ಲ ಬಿಡು. ವಾಸನೆ ಬಂತು" ಎಂದ. ಕೊನೆಗೆ, "ನಿಮ್ಮಕ್ಕನ ಮುಖ ನೋಡಕ್ಕಾಗ್ತಿರಲಿಲ್ಲ" ಎಂದ. ಮೂರು ಉತ್ತರ ಕೊಟ್ಟು, ಯಾವುದು ನಿನಗೆ ಆಗಬಹುದು ನೋಡು ಎನ್ನುವಂತೆ ನನ್ನ ಕಡೆ ನೋಡಿದ.

ಬೀಗರ ಮೇಲೂ ಹರಿಹಾಯ್ದೆ. ನೀವು ಬರಬೇಡಿ ಎಂದೇ ಹೇಳಿಬಿಟ್ಟೆ. ಅವರಿಗೆ ಸಿಟ್ಟು ಬರಲಿಲ್ಲ. ಎರಡು ಸಂತೆ ಬರಲಿಲ್ಲ. ಅಪ್ಪ ಆ ಎರಡು ಸಂತೆಯೂ ಒಬ್ಬನೇ ತೋಪಿಗೆ ಹೋದ, ಸೇಂದಿಯಲ್ಲ, ಸಾರಾಯಿ ಕುಡಿದು ಬಂದ, ಮಾತಿಲ್ಲ ಕಥೆಯಿಲ್ಲ, ಗೋಡೆ ಕಡೆ ತಿರುಗಿ ಮಲಗಿದ. ಮೂರನೆಯ ಸಂತೆಗೆ ಅವ್ವನೇ ಭಾಯ್ ಕೈಯಲ್ಲಿ ಹೇಳಿಕಳಿಸಿ ಬೀಗರನ್ನು ಕರೆಸಿಕೊಂಡಳು. "ಕುಡಿಯೋದು ಕುಡೀತಾನೆ. ಅವರ ಜೊತೆ ಕುಡಿದ್ರೆ ಊಟನಾದ್ರೂ ಮಾಡ್ತಾನೆ" ಎಂದಳು. ಇದಕ್ಕೆ ಏನು ಪ್ರತಿವಾದವಿದೆ?

ಕಣ್ಣು ಮತ್ತೆ ಹಳದಿಯಾದದ್ದನ್ನು ಮೊದಲು ನೋಡಿದವಳು ನಾನು. ಅಂಗಳದಲ್ಲಿ ಬಿಸಿಲಿಗೆ ಕೂತು ಮುಖ ತೊಳೆಯುತ್ತಿದ್ದ. ಅವ್ವನಿಗೆ ಹೇಳಲು ಒಳಗೆ ಹೋದೆ. ಅವಳು ಆಗಲೇ ಗಂಟು ಕಟ್ಟುತ್ತಿದ್ದಳು.

ಕೋಲಾರದ ಅದೇ ಡಾಕ್ಟರು. ಬರಬೇಡಿ ಎಂದಿದ್ದವರು ಬಂದಮೇಲೆ ಸೇರಿಸಿಕೊಂಡರು. ಹೊಟ್ಟೆ ನೀರು ತುಂಬಿ ಬಿಗಿದಿತ್ತು. ಅಕ್ಕನಿಗೆ ನಿಜ ಹೇಳಬೇಡ ಎಂದು ಅಪ್ಪ ನನ್ನಿಂದ ಮಾತು ತೆಗೆದುಕೊಂಡ. ಅವಳು ತನ್ನಿಂದಲೇ ಹೀಗಾಯಿತು ಎಂದುಕೊಂಡು ಆ ಮನೆಯಲ್ಲಿ ಹೇಗೆ ಬಾಳುತ್ತಾಳೆ? ಬಂದಾಗ ಅವಳಿಗೆ ಕಾಮಾಲೆ ಎಂದಷ್ಟೇ ಹೇಳಿದೆವು. ಅವಳು ಮಗುವನ್ನು ಅಪ್ಪನ ಮಗ್ಗುಲಿಗೆ ಕೂರಿಸಿದಳು. ಹೋಗುವಾಗ ಹೊರಗೆ ನನ್ನನ್ನು ನಿಲ್ಲಿಸಿ, "ಬರೀ ಕಾಮಾಲೇನಾ?" ಎಂದು ಕೇಳಿದಳು. ಎಷ್ಟೋ ವೇದಿಕೆ ಹತ್ತಿದ ನಾನು ತಲೆಯಾಡಿಸಿದೆ, ಅಷ್ಟೆ.

ಸುದ್ದಿ ತಿಳಿದ ದಿನವೇ ಬೀಗರು ಬಂದುಬಿಟ್ಟರು. ಮಾವಿಗೆ ಹೂ ಬಿಟ್ಟ ಕಾಲ, ತೋಟವನ್ನು ಮಕ್ಕಳಿಗೆ ಒಪ್ಪಿಸಿ ಬಂದು ಆಸ್ಪತ್ರೆಯ ಜಗಲಿಯಲ್ಲಿ ಕಂಬಳಿ ಹಾಸಿಕೊಂಡರು. ಅಪ್ಪನ ಕಾಲೊತ್ತಿದರು, ಬಟ್ಟೆ ಬದಲಿಸಿದರು, ನಮ್ಮ ಕೈಗೆ ಬಿಡದೆ ಮೈ ಒರೆಸಿದರು. ನರ್ಸಮ್ಮ ಅವರನ್ನು ಅಪ್ಪನ ಒಡಹುಟ್ಟಿದವರೆಂದೇ ತಿಳಿದಿದ್ದಳು. ಬೀಗರು ಅವತ್ತಿನಿಂದ ಕುಡಿತ ಮುಟ್ಟಿಲ್ಲ ಎಂದು ಅವ್ವ ಹೇಳಿದಳು. ನಾನು ಅವರೊಂದಿಗೆ ಮಾತಾಡಲಿಲ್ಲ. ಮಾತಾಡಿದರೆ ಏನಾದರೂ ಹೊರಬೀಳುತ್ತಿತ್ತು. ಅವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿಬಿಡಬೇಕು ಎನ್ನಿಸುತ್ತಿತ್ತು, ಅವರಿಲ್ಲದಿದ್ದರೆ ಅಪ್ಪನನ್ನು ಮಗ್ಗುಲು ತಿರುಗಿಸಲು ನನಗೂ ಅವ್ವನಿಗೂ ಶಕ್ತಿ ಸಾಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಪ್ಪ ಕಣ್ಣು ಬಿಟ್ಟಾಗ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಗಂಜಿ ಕುಡಿಸಲು ಹೋದೆ, ಬೇಡವೆಂದ. ನೀರು ಬೇಡವೆಂದ. ಏನೋ ಹೇಳಲಿದ್ದಾನೆಂದು ಬಾಗಿದೆ.

"ಬಾವ ಎಲ್ಲವ್ನೆ?"

"ಇಲ್ಲೇ ಹೊರಗವ್ರೆ ಅಪ್ಪ. ನಾನಿದ್ದೀನಲ್ಲ, ಏನು ಬೇಕು?"

"ಅವನ್ನ ಕರಿ."

ಹೊರಗೆ ಬಂದೆ. ಬೀಗರು ನಲ್ಲಿಯ ಹತ್ತಿರ ಅಪ್ಪನ ಪಂಚೆ ಒಗೆಯುತ್ತಿದ್ದರು. ಬಿಸಿಲು ಬೆನ್ನಿಗೆ ಹೊಡೆಯುತ್ತಿತ್ತು. ನನ್ನನ್ನು ನೋಡಿ ಕೈ ನಿಲ್ಲಿಸಿದರು, ಹೆದರಿದವರಂತೆ ಮುಖ ನೋಡಿದರು.

"ಮಾವ, ಅಪ್ಪ ಕರೀತಾವ್ರೆ" ಎಂದೆ.

ಒದ್ದೆ ಪಂಚೆಯನ್ನು ನನ್ನ ಕೈಗೆ ಹಾಕಿ ಅವರು ಓಡಿದರು. ನಾನು ಕೂತು ಪಂಚೆಯಲ್ಲಿ ಉಳಿದ ಸೋಪಿನ ನೊರೆಯನ್ನು ಹಿಂಡತೊಡಗಿದೆ.